ನೆಲದ ಮೇಲಿನ ಕಪ್ಪು ಹನಿ: ಒಂದು ಆಯಿಲ್ ಬದಲಾವಣೆಯ ಪ್ರಕರಣ

ಅತ್ತಿಗೆಯ ಕಾರು ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ. ಓಡಿದ್ದು ಜಾಸ್ತಿ ಇಲ್ಲ. ಎಂಜಿನ್ ಸದ್ದು ಚೆನ್ನಾಗಿದೆ, ಹೊಗೆ ಇಲ್ಲ, ಎಳೆತವೂ ಸರಿಯಾಗಿದೆ. ದೂರು ಒಂದೇ. ಎಂಜಿನ್ ಆಯಿಲ್ ಬದಲಿಸಿಕೊಂಡು ಬಂದ ದಿನದಿಂದ, ಗಾಡಿ ನಿಲ್ಲಿಸಿದ ಜಾಗದಲ್ಲಿ ಕಪ್ಪು ಹನಿ ಬೀಳುತ್ತಿದೆ. ಬದಲಿಸಿದ ಕಡೆಗೇ ಮತ್ತೆ ಒಯ್ದು ತೋರಿಸಿದಾಗ, ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಹಿಂದಿನ ಸೀಲ್, ಅಂದರೆ ಅಲ್ಲಿ ಆಯಿಲ್ ಹೊರಬರದಂತೆ ತಡೆಯುವ ಬಳೆ, ಹೋಗಿರಬೇಕು ಎಂದರಂತೆ. ಆ ಸೀಲ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ. ಸೀಲ್ ಚಿಕ್ಕದು. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು.

"ಆಯಿಲ್ ಹಾಕಿಸೋಕೆ ಹೋಗಿ ಗೇರ್‌ಬಾಕ್ಸ್ ಇಳಿಸೋ ತನಕ ಬಂತಲ್ಲ. ನೀನೊಂದ್ಸಲ ನೋಡು" ಎಂದರು ಅತ್ತಿಗೆ.

"ಏನೂ ಬಿಚ್ಚಿಸಬೇಡಿ ಅತ್ತಿಗೆ. ಮೊದಲು ಹನಿ ಎಲ್ಲಿಂದ ಬರ್ತಿದೆ ಅಂತ ನೋಡೋಣ" ಎಂದೆ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು ಒಂದು ಕಾರಣವಿದೆ. ಆಯಿಲ್ ಇಳಿಸುವಾಗ ಚೆಲ್ಲುವುದನ್ನು ನಾವೆಲ್ಲ ಬರೀ ಗಲೀಜಿನ ವಿಷಯ ಎಂದುಕೊಂಡಿದ್ದೇವೆ. ಕೈ ಕೊಳೆ, ನೆಲ ಕೊಳೆ, ಒರೆಸಿದರೆ ಮುಗೀತು. ನನಗೆ ಹಾಗನ್ನಿಸುವುದಿಲ್ಲ. ಎಂಜಿನ್ ಅಡಿ ಒಣಗಿದ್ದರೆ, ಯಾವುದೇ ಹೊಸ ಪಸೆ ತಾನಾಗಿಯೇ ಎದ್ದು ಕಾಣುತ್ತದೆ. ಒಮ್ಮೆ ಅಲ್ಲಿ ಆಯಿಲ್ ಚೆಲ್ಲಿತೋ, ಎಂಜಿನ್ ಸೋರುತ್ತಿದೆಯೋ ಇಲ್ಲವೋ ಎಂದು ಯಾರೂ ಧೈರ್ಯವಾಗಿ ಹೇಳಲಾರರು. ಈ ಕಾರಿಗೆ ಆಗಿದ್ದು ಅದೇ.

ಸೋರಿಕೆಯೋ, ಚೆಲ್ಲಿದ್ದೋ

ಮೊದಲು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ನೋಡಿದೆ. ಮಟ್ಟ ಮೇಲಿನ ಗುರುತಿನ ಹತ್ತಿರವೇ ಇತ್ತು. ಇದರಿಂದ ಸಮಾಧಾನ ಆಗುತ್ತದೆ, ತೀರ್ಮಾನಕ್ಕೆ ಸಾಲದು. ಬಹಳಷ್ಟು ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು 1 ಲೀಟರ್ ಅಂತರ ಇರುತ್ತದೆ. ದಿನಕ್ಕೆ ನಾಲ್ಕಾರು ಹನಿ ಹೋದರೆ ಅದು ಕಡ್ಡಿಯಲ್ಲಿ ಕಾಣಲು ತುಂಬಾ ಕಾಲ ಬೇಕು. ಒಂದು ಹನಿ ನೆಲದ ಮೇಲೆ ಹರಡಿಕೊಂಡರೆ ಭಯ ಹುಟ್ಟಿಸುವಷ್ಟು ದೊಡ್ಡದಾಗಿ ಕಾಣುತ್ತದೆ, ಅಳೆದರೆ ಏನೂ ಇರುವುದಿಲ್ಲ.

ಆಮೇಲೆ ಮಾಡಿದ್ದು ರಟ್ಟಿನ ಪರೀಕ್ಷೆ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸುವುದು. ಮುಂದಿನ ಎರಡು ಚಕ್ರಗಳು ಎಲ್ಲಿ ಬರುತ್ತವೆ ಎಂದು ಅದರ ಮೇಲೆ ಗೆರೆ ಎಳೆದಿಡುವುದು. ಬೆಳಗ್ಗೆ ತೆಗೆದು ತಾರೀಕು ಬರೆಯುವುದು. ಕೆಲವು ದಿನ ಹೀಗೆ ಮಾಡಿ ರಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಸಂಗತಿ ತಿಳಿಯುತ್ತವೆ. ಹನಿ ಗಾಡಿಯ ಯಾವ ಭಾಗದ ಕೆಳಗೆ ಬೀಳುತ್ತಿದೆ ಅನ್ನುವುದು ಒಂದು. ದಿನ ಕಳೆದಂತೆ ಅದು ಹೆಚ್ಚುತ್ತಿದೆಯಾ, ಕಡಿಮೆ ಆಗುತ್ತಿದೆಯಾ ಅನ್ನುವುದು ಇನ್ನೊಂದು. ಹಾಳಾದ ಸೀಲ್ ತಾನಾಗಿ ರಿಪೇರಿ ಆಗುವುದಿಲ್ಲ. ಅದರ ಸೋರಿಕೆ ಹಾಗೇ ಇರುತ್ತದೆ ಅಥವಾ ಬೆಳೆಯುತ್ತದೆ. ಚೆಲ್ಲಿ ಎಲ್ಲೋ ನಿಂತಿರುವ ಆಯಿಲ್ ಮಾತ್ರ ದಿನದಿಂದ ದಿನಕ್ಕೆ ಕಮ್ಮಿಯಾಗುತ್ತದೆ.

ಅತ್ತಿಗೆ ಇದನ್ನು ಬಹಳ ಅಚ್ಚುಕಟ್ಟಾಗಿ ಮಾಡಿದರು. ರಟ್ಟುಗಳಲ್ಲಿ ಹನಿ ಕಡಿಮೆಯಾಗುತ್ತಾ ಬಂದಿತ್ತು. ಒಂದು ದಿನ ಮಾತ್ರ ಜಾಸ್ತಿ ಇತ್ತು. ಆ ದಿನ ಗಾಡಿಯನ್ನು ಮೂತಿ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದ್ದರಂತೆ. ಹನಿಗಳು ಬಿದ್ದಿದ್ದು ಎಂಜಿನ್ ನೇರ ಕೆಳಗೂ ಅಲ್ಲ, ಅಡಿ ಕವರಿನ ಹಿಂದಿನ ಅಂಚಿನ ಕೆಳಗೆ. ಅಂದರೆ ಆಯಿಲ್ ಎಲ್ಲೋ ತಟ್ಟೆಯಂಥ ಜಾಗದಲ್ಲಿ ನಿಂತಿದೆ, ಗಾಡಿ ವಾಲಿದಾಗ ಅಂಚಿಗೆ ಹರಿದು ಬರುತ್ತಿದೆ.

ಗಾಡಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದೆವು. ಅದರ ತಗ್ಗುಗಳಲ್ಲಿ ಕಪ್ಪು ಆಯಿಲ್ ನಿಂತಿತ್ತು. ಕವರಿನ ಒಳಮೈಗೆ ಸದ್ದು ತಡೆಯಲು ಅಂಟಿಸಿದ ಬಟ್ಟೆಯಂಥ ಪದರ ಇತ್ತು. ಅದು ನೆನೆದು ಭಾರವಾಗಿತ್ತು. ಅದರ ಮೇಲೆ ಹಾದುಹೋಗುವ ಕ್ರಾಸ್ ಮೆಂಬರಿನ (ಗಾಡಿಯ ಅಡಿಯ ಅಡ್ಡ ತೊಲೆ) ಟೊಳ್ಳಿನಲ್ಲೂ ಆಯಿಲ್ ಇತ್ತು. ಫಿಲ್ಟರಿನ ಕೆಳಗೆ ಒಂದು ದೊಡ್ಡ ಕಲೆ, ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಕೆಳಗೆ ಇನ್ನೊಂದು. ಬೋಲ್ಟಿನ ಸುತ್ತ ಒರೆಸಿ ನೋಡಿದರೆ ಅಲ್ಲಿಂದ ಹೊಸದಾಗಿ ಏನೂ ಬರುತ್ತಿರಲಿಲ್ಲ.

ಎಲ್ಲವನ್ನೂ ಡಿಗ್ರೀಸರ್ ಹಾಕಿ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಒಣಗಲು ಬಿಟ್ಟೆವು. ಆ ಬಟ್ಟೆಯ ಪದರವನ್ನು ಹಿಂಡಿ ತೊಳೆಯುವುದೇ ದೊಡ್ಡ ಕೆಲಸವಾಯಿತು. ಆಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಗೆರೆಯ ಕೆಳಭಾಗಕ್ಕೆ ಟಾಲ್ಕಮ್ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ ಬಂದೆವು. ಬಿಳಿ ಪುಡಿಯ ಮೇಲೆ ಆಯಿಲ್ ತಾಗಿದರೆ ತಕ್ಷಣ ಕಪ್ಪು ಗೆರೆ ಮೂಡುತ್ತದೆ. ದುಬಾರಿ ಸಾಮಾನು ಬೇಕಿಲ್ಲದ ಈ ಪರೀಕ್ಷೆ ನನಗೆ ತುಂಬಾ ಇಷ್ಟ. ಪುಡಿ ಬಿಳಿಯಾಗಿಯೇ ಇತ್ತು.

ಸೀಲ್ ಹೋಗಿಲ್ಲ, ಆಯಿಲ್ ಚೆಲ್ಲಿದೆ ಎಂದು ಅಲ್ಲಿಗೆ ಬಹುಮಟ್ಟಿಗೆ ಗೊತ್ತಾಯಿತು. ಪೂರ್ತಿ ಅಲ್ಲ. ಒಂದು ಸುತ್ತಿನ ಓಟಕ್ಕೆ ಕಾಣದಷ್ಟು ನಿಧಾನದ ಸೋರಿಕೆಯೂ ಇರಬಹುದಲ್ವಾ? ಮುಂದಿನ ಆಯಿಲ್ ಬದಲಾವಣೆಯನ್ನು ಒಂದು ಹನಿಯೂ ಚೆಲ್ಲದಂತೆ ಮಾಡಿದರೆ ಮಾತ್ರ ಅದು ಇತ್ಯರ್ಥ ಆಗುತ್ತಿತ್ತು. ಆ ಕೆಲಸ ನಾನೇ ಮಾಡುತ್ತೇನೆ ಎಂದೆ.

ಧಾರೆ ಯಾಕೆ ಜಾಗ ಬದಲಿಸುತ್ತದೆ

ಮೊದಲಿನವರು ಮಾಡಿದ್ದು ಇಷ್ಟೆ. ಅಡಿ ಕವರಿನಲ್ಲಿ ಡ್ರೈನ್ ಬೋಲ್ಟಿಗೆ ಎಂದೇ ಒಂದು ಕಿಟಕಿ ಬಿಟ್ಟಿದ್ದಾರೆ. ಕವರ್ ಬಿಚ್ಚುವ ಗೋಜಿಗೆ ಹೋಗದೆ, ಆ ಕಿಟಕಿಯಿಂದಲೇ ಸ್ಪ್ಯಾನರ್ ತೂರಿಸಿ ಬೋಲ್ಟ್ ತೆಗೆದಿದ್ದಾರೆ. ಬೋಲ್ಟ್ ಕೈಗೆ ಸಿಗುತ್ತದೆ, ಹೌದು. ಆದರೆ ಆಯಿಲ್ ಅದೇ ಕಿಟಕಿಯಿಂದ ಹೊರಗೆ ಬರುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ.

ಈ ಎಂಜಿನ್ನಿನಲ್ಲಿ ಡ್ರೈನ್ ಬೋಲ್ಟ್ ಚೇಂಬರಿನ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ತಳದಲ್ಲಿ ಕೆಳಮುಖವಾಗಿ ಇಲ್ಲ. ಚೇಂಬರಿನ ಹಿಂದಿನ ಗೋಡೆಯಲ್ಲಿದೆ, ಹಿಮ್ಮುಖವಾಗಿ. ಕೆಳಮುಖ ಬೋಲ್ಟ್ ತೆಗೆದರೆ ಆಯಿಲ್ ನೆಟ್ಟಗೆ ಬೀಳುತ್ತದೆ. ಅಡ್ಡ ಬೋಲ್ಟ್ ತೆಗೆದರೆ ಪಿಚಕಾರಿಯಂತೆ ಚಿಮ್ಮುತ್ತದೆ. ಎಷ್ಟು ದೂರ ಚಿಮ್ಮುತ್ತದೆ ಎನ್ನುವುದು ರಂಧ್ರದ ಮೇಲೆ ಎಷ್ಟು ಎತ್ತರಕ್ಕೆ ಆಯಿಲ್ ನಿಂತಿದೆ ಎನ್ನುವುದರ ಮೇಲೆ ನಿಂತಿದೆ. ಇದರ ಲೆಕ್ಕವನ್ನು ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 17ನೇ ಶತಮಾನದಲ್ಲೇ ಹಾಕಿಕೊಟ್ಟಿದ್ದಾನೆ.

ಅಂಕಿ ಹಾಕಿ ನೋಡಿದರೆ ವಿಷಯ ಸ್ಪಷ್ಟ ಆಗುತ್ತದೆ. ರಂಧ್ರದ ಮೇಲೆ 8 ಸೆಂಟಿಮೀಟರ್ ಆಯಿಲ್ ಇದೆ ಎಂದುಕೊಳ್ಳಿ. ಧಾರೆ ಸೆಕೆಂಡಿಗೆ ಸುಮಾರು 1.25 ಮೀಟರ್ ವೇಗದಲ್ಲಿ ಹೊರಗೆ ಬರುತ್ತದೆ. ಆಯಿಲ್ ಹಿಡಿಯುವ ಟ್ರೇ 25 ಸೆಂಟಿಮೀಟರ್ ಕೆಳಗಿದ್ದರೆ ಧಾರೆ ಬೀಳುವುದು ರಂಧ್ರದಿಂದ 28 ಸೆಂಟಿಮೀಟರ್ ಹಿಂದೆ. ಆಯಿಲ್ ಇಳಿದು ಮಟ್ಟ 1 ಸೆಂಟಿಮೀಟರಿಗೆ ಬಂದಾಗ ವೇಗ ಸೆಕೆಂಡಿಗೆ 0.44 ಮೀಟರ್ ಆಗುತ್ತದೆ. ಆಗ ಧಾರೆ ಬೀಳುವುದು 10 ಸೆಂಟಿಮೀಟರ್ ದೂರದಲ್ಲಿ. ಟ್ರೇ ಕದಲಿಸದೆ ಕೂತರೆ ಧಾರೆಯೇ 18 ಸೆಂಟಿಮೀಟರ್ ಕದಲುತ್ತದೆ. ನಿಜವಾದ ಆಯಿಲ್ ನೀರಿಗಿಂತ ಮಂದ, ರಂಧ್ರದಲ್ಲೂ ತಡೆ ಇರುತ್ತದೆ. ಹಾಗಾಗಿ ಈ ದೂರಗಳು ಸ್ವಲ್ಪ ಕಡಿಮೆಯೇ ಇರುತ್ತವೆ. ಸರಿಯುವುದು ಮಾತ್ರ ತಪ್ಪುವುದಿಲ್ಲ.

ಈಗ ಆ ಕಿಟಕಿಯನ್ನು ನೆನಪಿಸಿಕೊಳ್ಳಿ. ಅಡಿ ಕವರ್ ಇರುವುದು ಬೋಲ್ಟಿನಿಂದ ಕೆಲವೇ ಸೆಂಟಿಮೀಟರ್ ಕೆಳಗೆ. ಮೊದಲಿನ ಜೋರು ಧಾರೆ ಕಿಟಕಿಯ ಮೂಲಕ ಚೆನ್ನಾಗಿಯೇ ಹೊರಗೆ ಹೋಗುತ್ತದೆ. ನೋಡುತ್ತಿರುವವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಧಾರೆ ಬಲ ಕಳೆದುಕೊಂಡಂತೆ ಮುಂದಕ್ಕೆ ಸರಿದು, ಕಿಟಕಿಯ ಅಂಚು ದಾಟಿ, ಕವರಿನ ಒಳಕ್ಕೇ ಬೀಳತೊಡಗುತ್ತದೆ. ಕೆಳಗಿರುವ ಟ್ರೇಗೆ ಬೀಳುವುದು ಕಡಿಮೆಯಾದಾಗ, ಆಯಿಲ್ ಮುಗಿಯಿತು ಎಂದು ಬೋಲ್ಟ್ ಹಾಕುತ್ತಾರೆ. ಕವರಿನ ಒಳಗೆ ಎಷ್ಟು ನಿಂತಿದೆ ಎಂದು ಕೆಳಗಿನಿಂದ ಕಾಣುವುದೇ ಇಲ್ಲ.

ಕೊನೆಯ ಹಂತದಲ್ಲಿ ಇನ್ನೊಂದು ತೊಂದರೆ. ಟೀ ಪಾತ್ರೆಯನ್ನು ನಿಧಾನವಾಗಿ ಬಗ್ಗಿಸಿದರೆ ಟೀ ಲೋಟಕ್ಕೆ ಬೀಳದೆ ಪಾತ್ರೆಯ ಹೊರಮೈ ಹಿಡಿದು ಇಳಿಯುತ್ತದಲ್ಲ, ಇಲ್ಲಿಯೂ ಅದೇ ಆಗುತ್ತದೆ. ಸಣ್ಣಗಾದ ಧಾರೆ ರಂಧ್ರದ ಅಂಚಿನಿಂದ ಬಿಟ್ಟು ಬೀಳುವುದಿಲ್ಲ. ಚೇಂಬರಿನ ಗೋಡೆಗೆ ಅಂಟಿಕೊಂಡು ತಳಕ್ಕೆ ಇಳಿದು, ತಳದ ಉದ್ದಕ್ಕೂ ತೆವಳಿ, ಯಾವುದೋ ಮೂಲೆಯಿಂದ ತೊಟ್ಟಿಕ್ಕುತ್ತದೆ. ಟ್ರೇ ಎಲ್ಲಿದ್ದರೂ ಆ ಹನಿ ಅದರ ಹೊರಗೇ ಬೀಳುತ್ತದೆ ಅನ್ನಿಸುವುದು ಇದಕ್ಕೇ.

ಅಂದರೆ ಒಂದೇ ಆಯಿಲ್ ಮೂರು ರೀತಿಯಲ್ಲಿ ಹೊರಗೆ ಬರುತ್ತದೆ. ಚಿಮ್ಮುವುದು, ಹತ್ತಿರ ಸರಿಯುವುದು, ಅಂಟಿಕೊಂಡು ತೆವಳುವುದು. ಮೊದಲನೆಯದಕ್ಕೆ ಎಲ್ಲರೂ ತಯಾರಿರುತ್ತಾರೆ. ಕೊಳೆ ಆಗುವುದು ಉಳಿದ ಎರಡರಿಂದ.

ಬೋಲ್ಟ್ ಮುಟ್ಟುವ ಮೊದಲು

ಬೇರೆ ದಾರಿಗಳನ್ನೂ ಯೋಚಿಸಿದ್ದೆ. ಡಿಪ್‌ಸ್ಟಿಕ್ ಕೊಳವೆಯಲ್ಲಿ ಸಣ್ಣ ಪೈಪ್ ಇಳಿಸಿ ಪಂಪಿನಿಂದ ಆಯಿಲ್ ಎಳೆಯಬಹುದು. ಆ ಪೈಪ್ ಚೇಂಬರಿನ ತಳ ಮುಟ್ಟುವಂತಿದ್ದರೆ ಇದು ಒಳ್ಳೆಯ ವಿಧಾನ. ಗಾಡಿ ಎತ್ತುವುದೂ ಬೇಡ. ಆದರೆ ಈ ಕಾರಿನ ಫಿಲ್ಟರ್ ಇರುವುದು ಕೆಳಗೆ, ಎಂಜಿನ್ನಿನ ಹಿಂದಿನ ಮಗ್ಗುಲಲ್ಲಿ. ಅದಕ್ಕಾಗಿ ಹೇಗೂ ಕೆಳಗೆ ಹೋಗಲೇಬೇಕು. ಜೊತೆಗೆ ಡ್ರೈನ್ ಬೋಲ್ಟಿನ ವಾಷರನ್ನೂ ಕಣ್ಣಾರೆ ನೋಡಬೇಕಿತ್ತು. ಬೋಲ್ಟಿನ ಜಾಗದಲ್ಲಿ ಪೈಪ್ ಸಿಕ್ಕಿಸಬಹುದಾದ ಡ್ರೈನ್ ವಾಲ್ವ್ ಹಾಕುವುದು ಇನ್ನೊಂದು ದಾರಿ. ತಾವೇ ಆಯಿಲ್ ಬದಲಿಸುವವರಿಗೆ ಅದು ನಿಜಕ್ಕೂ ಒಳ್ಳೆಯದು. ಅತ್ತಿಗೆ ಅಷ್ಟಕ್ಕೆ ಮನಸ್ಸು ಮಾಡಲಿಲ್ಲ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಟ್ಟೆವು. ಇದನ್ನು ಒತ್ತಿ ಹೇಳುತ್ತೇನೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ಕ್ಷಣಕ್ಕೂ ತಲೆ ಹಾಕಬಾರದು. ಜ್ಯಾಕ್ ಇರುವುದು ಎತ್ತುವುದಕ್ಕೆ, ಹಿಡಿದಿಡುವುದಕ್ಕೆ ಅಲ್ಲ. ಆಯಿಲ್ ಚೆಲ್ಲಿದರೆ ಒರೆಸಬಹುದು.

ಮುಂಭಾಗ ಎತ್ತಿದ್ದರಿಂದ ಒಂದು ಅನುಕೂಲವೂ ಆಯಿತು. ಬೋಲ್ಟ್ ಹಿಂದಿನ ಗೋಡೆಯಲ್ಲಿರುವುದರಿಂದ ಆಯಿಲ್ ತಾನಾಗಿಯೇ ಆ ಕಡೆಗೆ ಹರಿದು ಬರುತ್ತದೆ. ಬೋಲ್ಟ್ ಮುಂದಿನ ಗೋಡೆಯಲ್ಲಿದ್ದ ಗಾಡಿಯಾಗಿದ್ದರೆ ಇದೇ ಎತ್ತುವಿಕೆಯಿಂದ ಹಳೆ ಆಯಿಲ್ ಒಳಗೇ ಉಳಿಯುತ್ತಿತ್ತು.

ಆಯಿಲ್ ಎಷ್ಟು ಬಿಸಿ ಇರಬೇಕು ಅನ್ನುವುದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಸಿ ಆಯಿಲ್ ಬೇಗ ಇಳಿಯುತ್ತದೆ ಎನ್ನುವುದು ನಿಜ. 5ಡಬ್ಲ್ಯೂ-30 ಎಂದು ಬರೆದಿರುವ ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ಮಂದ ಎನ್ನುವುದರ ಅಳತೆ) ಒಳಗೆ ಇರಬೇಕು ಎಂದು ನಿಯಮವಿದೆ. ಅದೇ ಆಯಿಲ್ 40 ಡಿಗ್ರಿಯಲ್ಲಿ ಅದರ ಐದಾರು ಪಟ್ಟು ಮಂದವಾಗಿರುತ್ತದೆ. ಹಾಗೆಂದು ಈಗಷ್ಟೇ ಓಡಿಸಿ ಬಂದ ಗಾಡಿಯ ಬೋಲ್ಟ್ ತೆಗೆದರೆ ಕೈ ಸುಡುತ್ತದೆ. ಕೈ ಸುಟ್ಟಾಗ ಬೋಲ್ಟ್ ಕೈಬಿಡುತ್ತದೆ, ಟ್ರೇ ಅಲುಗುತ್ತದೆ, ಚೆಲ್ಲುವುದು ಆಗಲೇ. ಪೂರ್ತಿ ತಣ್ಣಗಿದ್ದರೆ ಆ ತೆವಳುವ ಹಂತ ಬಹಳ ಹೊತ್ತು ಎಳೆಯುತ್ತದೆ. ನನ್ನ ಆಯ್ಕೆ ಇವೆರಡರ ನಡುವಿನದು. ಎಂಜಿನ್ ಕೆಲವು ನಿಮಿಷ ಓಡಿಸಿ ಆರಿಸುವುದು. ಮೇಲಿನ ಆಯಿಲ್ ಚೇಂಬರಿಗೆ ಇಳಿಯುವಷ್ಟು ಕಾಯುವುದು. ಚೇಂಬರ್ ಮುಟ್ಟಿದರೆ ಕೈ ಎಳೆದುಕೊಳ್ಳುವಂತಿರದೆ ಬೆಚ್ಚಗಿರಬೇಕು, ಅಷ್ಟೆ. ಅಕ್ಕಪಕ್ಕದ ಸೈಲೆನ್ಸರ್ ಪೈಪ್ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ, ಅದರ ಮೇಲೆ ಒಂದು ಕಣ್ಣಿರಲಿ.

ಅಡಿ ಕವರನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟೆವು. ಈ ಪ್ರಕರಣದ ಅರ್ಧ ಪರಿಹಾರ ಅದರಲ್ಲೇ ಇತ್ತು. ಕೆಲವು ಸ್ಕ್ರೂ, ಕೆಲವು ಕ್ಲಿಪ್, ಹತ್ತು ನಿಮಿಷದ ಕೆಲಸ. ಅದನ್ನು ಉಳಿಸಲು ಹೋಗಿ ಹಿಂದೆ ಗೇರ್‌ಬಾಕ್ಸ್ ಇಳಿಸುವ ಮಾತು ಬಂದಿತ್ತು.

ನೆಲಕ್ಕೆ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರಟ್ಟು. ಬರೀ ಪ್ಲಾಸ್ಟಿಕ್ ಹಾಸಿದರೆ ಬಿದ್ದ ಆಯಿಲ್ ಹರಿದಾಡುತ್ತದೆ, ಕಾಲಿಗೆ ಅಂಟಿ ಎಲ್ಲ ಕಡೆಗೂ ಹೋಗುತ್ತದೆ. ಬರೀ ರಟ್ಟು ಹಾಸಿದರೆ ನೆನೆದು ನೆಲಕ್ಕೆ ಇಳಿಯುತ್ತದೆ. ಎರಡೂ ಸೇರಿದರೆ ಒಂದು ಹೀರುತ್ತದೆ, ಇನ್ನೊಂದು ತಡೆಯುತ್ತದೆ. ಟ್ರೇಯಂತೂ ಎಂಜಿನ್ ಹಿಡಿಸುವ ಆಯಿಲ್‌ಗಿಂತ ಒಂದೂವರೆ ಪಟ್ಟಾದರೂ ದೊಡ್ಡದಿರಬೇಕು. ಅಂಚಿನವರೆಗೆ ತುಂಬಿದ ಟ್ರೇಯನ್ನು ಯಾರೂ ಚೆಲ್ಲದೆ ಎಳೆಯಲಾರರು. ನಾನು ಟ್ರೇಯನ್ನು ನೆಲದ ಮೇಲೆ ಇಡದೆ ಮರದ ಹಲಗೆಗಳ ಮೇಲೆ ಎತ್ತರಿಸಿ, ಬೋಲ್ಟಿನಿಂದ ಸುಮಾರು 10 ಸೆಂಟಿಮೀಟರ್ ಕೆಳಗೆ ತಂದಿದ್ದೆ. ಬೀಳುವ ಎತ್ತರ ಕಡಿಮೆಯಾದರೆ ಧಾರೆ ಜಾಗ ಬದಲಿಸುವುದೂ ಕಡಿಮೆ. ಮೇಲಿನ ಲೆಕ್ಕದಲ್ಲಿ 18 ಇದ್ದದ್ದು 12 ಸೆಂಟಿಮೀಟರಿಗೆ ಇಳಿಯುತ್ತದೆ. ಸಿಡಿಯುವುದು ಕಡಿಮೆ, ಗಾಳಿಗೆ ಸಣ್ಣ ಧಾರೆ ಓಲಾಡುವುದೂ ಕಡಿಮೆ.

ಬಾನೆಟ್ ಎತ್ತಿ ಆಯಿಲ್ ಹಾಕುವ ಮುಚ್ಚಳ ತೆಗೆದಿಟ್ಟೆ. ಗಾಳಿ ಸರಾಗವಾಗಿ ಒಳಗೆ ಹೋದರೆ ಧಾರೆ ಒಂದೇ ಸಮನೆ ಬರುತ್ತದೆ. ಇನ್ನೊಂದು ಲಾಭ, ಆ ಮುಚ್ಚಳ ಬಿಚ್ಚಲು ಬರುತ್ತದೆ ಎಂದು ಆಯಿಲ್ ಇಳಿಸುವ ಮೊದಲೇ ಖಾತ್ರಿ ಆಗುತ್ತದೆ.

ಬೋಲ್ಟ್

ಕೈಗೆ ಉದ್ದನೆಯ ನೈಟ್ರೈಲ್ ಗ್ಲೌಸ್. ಇದು ಬರೀ ಕೊಳೆಯ ಮಾತಲ್ಲ. ಬಳಸಿದ ಎಂಜಿನ್ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗಿದಾಗ ಪ್ರಯೋಗಾಲಯದ ಇಲಿಗಳಲ್ಲಿ ಚರ್ಮದ ಕ್ಯಾನ್ಸರ್ ಬಂದಿದ್ದು ದಾಖಲಾಗಿದೆ. ದಿನಾ ಇದೇ ಕೆಲಸ ಮಾಡುವವರು ಬರಿಗೈಯಲ್ಲಿ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಬೋಲ್ಟನ್ನು ಸಡಿಲ ಮಾಡಲು ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಬಳಸಿದೆ. ಒಮ್ಮೆ ಸಡಿಲವಾದ ಮೇಲೆ ಸ್ಪ್ಯಾನರ್ ಪಕ್ಕಕ್ಕೆ. ಮುಂದಿನದ್ದು ಬೆರಳಿನ ಕೆಲಸ. ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದುಕೊಂಡೇ ಬಿಚ್ಚುತ್ತಾ ಬರಬೇಕು. ಒತ್ತಿ ಹಿಡಿದರೆ ಥ್ರೆಡ್ ಪೂರ್ತಿ ಬಿಟ್ಟರೂ ಬೋಲ್ಟ್ ರಂಧ್ರವನ್ನು ಮುಚ್ಚಿಕೊಂಡೇ ಇರುತ್ತದೆ, ಹೆಚ್ಚೆಂದರೆ ಸ್ವಲ್ಪ ಜಿನುಗುತ್ತದೆ. ಕೊನೆಯ ಥ್ರೆಡ್ ಬಿಟ್ಟದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಒಂದೇ ಸಲಕ್ಕೆ, ಧಾರೆ ಚಿಮ್ಮುವ ದಿಕ್ಕಿಗೆ ಅಡ್ಡವಾಗಿ ಕೈ ಎಳೆದುಕೊಳ್ಳಬೇಕು. ಒತ್ತದೆ ಸುಮ್ನೆ ತಿರುಗಿಸುತ್ತಾ ಹೋದರೆ, ಕೊನೆಯ ಎರಡು ಸುತ್ತಿನಲ್ಲಿ ಆಯಿಲ್ ಬೋಲ್ಟಿನ ತಲೆಯ ಸುತ್ತ ಎಲ್ಲ ದಿಕ್ಕಿಗೂ ಸಿಡಿದು ಬೆರಳನ್ನೇ ದಾರಿ ಮಾಡಿಕೊಳ್ಳುತ್ತದೆ.

ಕೈ ಹೇಗಿರಬೇಕು ಅನ್ನುವುದೂ ಮುಖ್ಯ. ಕೆಳಗೆ ಮಲಗಿ ಕೈ ಮೇಲೆತ್ತಿದರೆ ಮೊಣಕೈ ಎಲ್ಲಕ್ಕಿಂತ ತಗ್ಗಿನಲ್ಲಿರುತ್ತದೆ. ಬೆರಳಿಗೆ ತಾಗಿದ ಆಯಿಲ್ ನೇರ ತೋಳಿನೊಳಗೆ ಇಳಿಯುತ್ತದೆ. ನಾನು ಪಕ್ಕದಿಂದ ಕೈ ತೂರಿಸಿ, ಮುಂಗೈ ಮಟ್ಟಸವಾಗಿ, ಬೆರಳು ಮೊಣಕೈಗಿಂತ ತುಸು ತಗ್ಗಿರುವಂತೆ ಹಿಡಿದಿದ್ದೆ. ಆಗ ತಾಗಿದ ಆಯಿಲ್ ಬೆರಳ ತುದಿಯಿಂದಲೇ ಟ್ರೇಗೆ ಬೀಳುತ್ತದೆ.

ಟ್ರೇಯನ್ನು ಮೊದಲೇ ಹಿಂದಕ್ಕೆ ಇಟ್ಟಿದ್ದೆ, ಅದರ ಮುಂದಿನ ಅಂಚು ಬೋಲ್ಟಿನ ನೇರಕ್ಕೆ ಬರುವಂತೆ. ಧಾರೆ ಟ್ರೇಯ ನಡುವಿಗೇ ಬಿತ್ತು. ಬಲ ಕಡಿಮೆಯಾದಂತೆ ಅದು ನಮ್ಮ ಕಡೆಗೆ ಸರಿಯುತ್ತಾ ಬಂತು. ಅದರ ಜೊತೆಯೇ ಟ್ರೇಯನ್ನು ಹಲಗೆಯ ಮೇಲೆ ನಿಧಾನಕ್ಕೆ ಜಾರಿಸುತ್ತಾ ಬಂದೆ.

ತೆವಳುವ ಹಂತಕ್ಕೆ ಒಂದು ಸಣ್ಣ ಉಪಾಯ ಮಾಡಿಕೊಂಡಿದ್ದೆ. ದಪ್ಪ ಅಲ್ಯೂಮಿನಿಯಂ ಹಾಳೆಯ ಒಂದು ಪಟ್ಟಿಯನ್ನು ಮಡಚಿ, ಕಾಲುವೆಯಂತೆ ಬಗ್ಗಿಸಿ, ಧಾರೆ ಸಣ್ಣಗಾದಾಗ ರಂಧ್ರದ ಕೆಳ ಅಂಚಿಗೆ ಒತ್ತಿ ಹಿಡಿದೆ. ಆಯಿಲ್ ಗೋಡೆ ಹಿಡಿಯುವ ಬದಲು ಪಟ್ಟಿ ಹಿಡಿಯಿತು. ಪಟ್ಟಿಯ ತುದಿ ತೆಳ್ಳಗೆ ಚೂಪಾಗಿರುವುದರಿಂದ ಅಲ್ಲಿಂದ ಬಿಟ್ಟು ಬೀಳಲೇಬೇಕು. ಚೇಂಬರಿನ ತಳ ಒಣಗಿಯೇ ಉಳಿಯಿತು. ಈ ಒಂದು ಪಟ್ಟಿ ಎಷ್ಟೋ ವೇಸ್ಟ್ ಬಟ್ಟೆ ಉಳಿಸುತ್ತದೆ.

ಹನಿಗಳ ನಡುವೆ ಹಲವು ಸೆಕೆಂಡ್ ಅಂತರ ಬರುವ ತನಕ ಕಾದೆವು. ಕೊನೆಯ ಚಮಚದ ತನಕ ಕಾಯುವ ಅಗತ್ಯ ಇಲ್ಲ. ಬೋಲ್ಟಿನ ಹಳೆ ವಾಷರ್ ತೆಗೆದು ನೋಡಿದರೆ ಚಪ್ಪಟೆಯಾಗಿ ಗೆರೆ ಬಿದ್ದಿತ್ತು. ಅದು ಒಮ್ಮೆ ಬಿಗಿದಾಗ ಅಮುಕಿ ಕೂತು ಸಂದು ಮುಚ್ಚುವ ವಾಷರ್. ಹೊಸದು ಹಾಕಿ, ಕೂರುವ ಜಾಗ ಒರೆಸಿ, ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿದೆ. ಸೋರಬಾರದು ಎಂದು ಜೋರಾಗಿ ಬಿಗಿಯುವವರಿದ್ದಾರೆ. ಚೇಂಬರ್ ಅಲ್ಯೂಮಿನಿಯಂನದಾದರೆ ಥ್ರೆಡ್ ಕಿತ್ತು ಬರುತ್ತದೆ. ಆಮೇಲೆ ನಿಜವಾದ ಸೋರಿಕೆ ಶುರು.

ಫಿಲ್ಟರ್

ಈ ಗಾಡಿಯಲ್ಲಿ ಕವರಿನ ಬಟ್ಟೆ ನೆನೆಸಿದ್ದು ಮುಖ್ಯವಾಗಿ ಫಿಲ್ಟರೇ ಎಂದು ನನ್ನ ಲೆಕ್ಕ. ಅದು ಅಡ್ಡಡ್ಡ ಕೂತಿದೆ, ಅದರ ಕೆಳಗೆ ನೇರವಾಗಿ ಕ್ರಾಸ್ ಮೆಂಬರ್ ಹಾದುಹೋಗಿದೆ. ಫಿಲ್ಟರಿನೊಳಗೆ ಆಯಿಲ್ ವಾಪಸ್ ಹರಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಎಂಜಿನ್ ಆರಿದ ಮೇಲೂ ಫಿಲ್ಟರ್ ತುಂಬಿಯೇ ಇರಲಿ ಎಂದು ಅದನ್ನು ಇಟ್ಟಿರುವುದು. ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಮೇಲಕ್ಕೆ ಹೋಗಬೇಕಲ್ಲ. ಹಾಗಾಗಿ ಚೇಂಬರ್ ಖಾಲಿಯಾದರೂ ಫಿಲ್ಟರ್ ಖಾಲಿಯಾಗಿರುವುದಿಲ್ಲ. ಅಡ್ಡ ಕೂತ ಫಿಲ್ಟರನ್ನು ಒಮ್ಮೆಲೇ ಬಿಚ್ಚಿದರೆ ಒಳಗಿದ್ದದ್ದೆಲ್ಲ ಕ್ರಾಸ್ ಮೆಂಬರಿನ ಮೇಲೆ ಸುರಿದು ಅದರ ಟೊಳ್ಳಿಗೆ ಹೋಗುತ್ತದೆ. ಅಲ್ಲಿಗೆ ಬಟ್ಟೆ ಹೋಗುವುದಿಲ್ಲ.

ಖಾಲಿ ಆಯಿಲ್ ಕ್ಯಾನಿನ ಒಂದು ಮಗ್ಗುಲನ್ನು ಉದ್ದಕ್ಕೆ ಕತ್ತರಿಸಿ, ಎರಡೂ ಅಂಚು ಮೇಲೆ ಬರುವಂತೆ ಬಗ್ಗಿಸಿ ಒಂದು ದೋಣಿ ಮಾಡಿಕೊಂಡೆ. ಅದರ ಒಂದು ತುದಿ ಫಿಲ್ಟರಿನ ಬಾಯಿಯ ಕೆಳಗೆ, ಇನ್ನೊಂದು ತುದಿ ಕ್ರಾಸ್ ಮೆಂಬರ್ ದಾಟಿ ಟ್ರೇಯ ಮೇಲೆ. ಆಮೇಲೆ ಫಿಲ್ಟರನ್ನು ಜಿನುಗುವಷ್ಟೇ ಸಡಿಲ ಮಾಡಿ ಕೈ ತೆಗೆದೆ. ಗ್ಯಾಸ್ಕೆಟ್ಟಿನ (ಫಿಲ್ಟರ್ ಕೂರುವ ಸಂದು ಮುಚ್ಚುವ ರಬ್ಬರ್ ಬಳೆ) ಮೇಲಿನ ಭಾಗದಿಂದ ಗಾಳಿ ಒಳಗೆ ಹೋಗುತ್ತದೆ, ಕೆಳಗಿನ ಭಾಗದಿಂದ ಆಯಿಲ್ ಹೊರಗೆ ಬರುತ್ತದೆ. ಇಲ್ಲಿ ಬೇಕಾದದ್ದು ತಾಳ್ಮೆಯೊಂದೇ. ಜಿನುಗುವುದು ನಿಂತ ಮೇಲೆ ಫಿಲ್ಟರಿಗೆ ಒಂದು ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದ ಹೊರಗಿನಿಂದಲೇ ತಿರುಗಿಸಿ, ಬಿಟ್ಟ ಕೂಡಲೇ ಬಾಯಿ ಮೇಲೆ ಮಾಡಿ ಹೊರಗೆ ತಂದೆ.

ತಂದ ಕೂಡಲೇ ನೋಡಬೇಕಾದದ್ದು ಅದರ ರಬ್ಬರ್ ಗ್ಯಾಸ್ಕೆಟ್ ಫಿಲ್ಟರಿನಲ್ಲೇ ಇದೆಯಾ ಎಂದು. ಕೆಲವೊಮ್ಮೆ ಅದು ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ನೋಡದೆ ಹೊಸ ಫಿಲ್ಟರ್ ಹಾಕಿದರೆ ಒಂದರ ಮೇಲೊಂದು ಎರಡು ಗ್ಯಾಸ್ಕೆಟ್ ಆಗುತ್ತದೆ. ಆಯಿಲ್ ಒತ್ತಡಕ್ಕೆ ಅದು ತಡೆಯುವುದಿಲ್ಲ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಹೊಸ ಆಯಿಲ್ ಪೂರ್ತಿ ನೆಲದ ಪಾಲು, ಎಂಜಿನ್ನೂ ಹೋಗಬಹುದು. ನಮ್ಮದರಲ್ಲಿ ಗ್ಯಾಸ್ಕೆಟ್ ಫಿಲ್ಟರಿನಲ್ಲೇ ಇತ್ತು. ಕೂರುವ ಜಾಗ ಒರೆಸಿ, ಹೊಸ ಗ್ಯಾಸ್ಕೆಟ್ಟಿಗೆ ತುಸು ಆಯಿಲ್ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿದೆ. ಈ ಫಿಲ್ಟರಿನ ಮೇಲೆಯೂ ಹಾಗೆಯೇ ಬರೆದಿತ್ತು.

ಟ್ರೇಯಿಂದ ಕ್ಯಾನಿಗೆ

ಕೆಲಸ ಮುಗಿಯಿತು ಎಂದು ಮೈ ಸಡಿಲ ಬಿಡುವುದು ಇಲ್ಲೇ. ತುಂಬಿದ ಟ್ರೇ ಎತ್ತಿಕೊಂಡು ನಡೆದರೆ ಆಯಿಲ್ ಆ ಕಡೆ ಈ ಕಡೆ ಹೊಯ್ದಾಡಿ ಅಂಚು ದಾಟುತ್ತದೆ. ನಾವು ಟ್ರೇಯನ್ನು ಎತ್ತಲೇ ಇಲ್ಲ. ಹಲಗೆಯಿಂದ ರಟ್ಟಿನ ಮೇಲೆ ಇಳಿಸಿ, ರಟ್ಟಿನ ಸಮೇತ ಎಳೆದು ಹೊರಗೆ ತಂದೆವು. ಖಾಲಿ ಕ್ಯಾನನ್ನು ಒಂದು ಅಗಲವಾದ ಬೋಗುಣಿಯೊಳಗೆ ನಿಲ್ಲಿಸಿ, ಲಾಳಿಕೆ ಇಟ್ಟು, ಟ್ರೇಯ ಮೂತಿಯಿಂದ ಸುರಿದೆವು. ಅತ್ತಿಗೆ ಲಾಳಿಕೆ ಹಿಡಿದಿದ್ದರು. ತಪ್ಪಿ ಬಿದ್ದರೂ ಬೋಗುಣಿಗೇ ಬೀಳಬೇಕು. ಫಿಲ್ಟರನ್ನು ಟ್ರೇಯಲ್ಲಿ ಬಾಯಿ ಕೆಳಗಾಗಿ ರಾತ್ರಿಯಿಡೀ ಬಿಟ್ಟು, ಇಳಿದದ್ದನ್ನೂ ಕ್ಯಾನಿಗೆ ಸೇರಿಸಿದೆವು.

ಇಷ್ಟು ಜೋಪಾನ ಮಾಡಿದ್ದಕ್ಕೆ ಇನ್ನೊಂದು ಲಾಭ ಸಿಗುತ್ತದೆ. ಎಷ್ಟು ಆಯಿಲ್ ಹೊರಗೆ ಬಂತು ಎಂದು ಅಳೆಯಬಹುದು. ಎಷ್ಟೋ ಕ್ಯಾನುಗಳ ಮಗ್ಗುಲಲ್ಲೇ ಲೀಟರಿನ ಗುರುತು ಇರುತ್ತದೆ. ಹಿಂದಿನ ಸಲ ಹಾಕಿದ್ದೆಷ್ಟು, ಈಗ ಬಂದದ್ದೆಷ್ಟು ಎಂದು ಹೋಲಿಸಿದರೆ ಎಂಜಿನ್ ಎಷ್ಟು ಆಯಿಲ್ ತಿಂದಿದೆ ಎಂದು ಅಂದಾಜು ಸಿಗುತ್ತದೆ. ಅರ್ಧ ಲೀಟರ್ ಕವರಿನಲ್ಲಿ ಚೆಲ್ಲಿದ್ದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ. ಈ ಕಾರಿನಲ್ಲಿ ಬಂದದ್ದು ಹಾಕಿದ್ದಕ್ಕಿಂತ ಸ್ವಲ್ಪವೇ ಕಡಿಮೆ. ಎಂಜಿನ್ನಿನ ಒಳಗೋಡೆಗೆ ಅಂಟಿ ಉಳಿಯುವುದು ಒಂದಿಷ್ಟು ಇದ್ದೇ ಇರುತ್ತದೆ.

ಹಳೆ ಆಯಿಲ್ ಕ್ಯಾನಿಗೆ ಕೂಲೆಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಏನನ್ನೂ ಬೆರೆಸಬಾರದು. ಶುದ್ಧವಾಗಿ ಉಳಿದ ಹಳೆ ಆಯಿಲ್ಲನ್ನು ಮತ್ತೆ ಸಂಸ್ಕರಿಸಿ ಬಳಸಲು ಬರುತ್ತದೆ. ಬೆರೆತದ್ದನ್ನು ತೆಗೆದುಕೊಳ್ಳುವವರೇ ಇರುವುದಿಲ್ಲ. ಚರಂಡಿಗೆ, ಮಣ್ಣಿಗೆ ಸುರಿಯುವ ಮಾತಂತೂ ಬೇಡವೇ ಬೇಡ. ಮುಚ್ಚಳ ಬಿಗಿದು, ಏನಿದೆ ಎಂದು ಮೇಲೆ ಬರೆದು, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಕೊಟ್ಟೆವು.

ಹಿಂದಿನ ಹನಿಗಳಿಂದ ನೆಲದ ಮೇಲೆ ಉಳಿದಿದ್ದ ಕಲೆಗೆ ಮರದ ಹೊಟ್ಟು ಹಾಕಿ, ಕಾಲಿನಲ್ಲಿ ಚೆನ್ನಾಗಿ ತಿಕ್ಕಿ, ರಾತ್ರಿ ಬಿಟ್ಟು ಗುಡಿಸಿದೆವು. ನೀರು ಹಾಕಿದರೆ ಕಲೆ ಅಗಲ ಆಗುತ್ತದೆ ಅಷ್ಟೆ. ಸಿಮೆಂಟ್ ನೆಲ ಸ್ವಲ್ಪ ಕುಡಿದುಬಿಟ್ಟಿತ್ತು, ಅದು ಪೂರ್ತಿ ಹೋಗಲಿಲ್ಲ.

ಹೊಸ ಆಯಿಲ್ ಹಾಕುವಾಗ ಒಂದೇ ಮಾತು. ಮೂಲೆಯಲ್ಲಿ ಬಾಯಿ ಇರುವ ಚೌಕ ಕ್ಯಾನನ್ನು, ಬಾಯಿ ಮೇಲಿನ ಕಡೆಗೆ ಬರುವಂತೆ ಅಡ್ಡ ಹಿಡಿದು ಬಗ್ಗಿಸಬೇಕು. ಆಗ ಗಾಳಿ ಮೇಲಿನಿಂದ ಒಳಗೆ ಹೋಗಿ ಧಾರೆ ಸಮನಾಗಿ ಬರುತ್ತದೆ. ಬಾಯಿ ಕೆಳಗಿದ್ದರೆ ಗುಳುಗುಳು ಎಂದು ಕುಕ್ಕಿ ಎಂಜಿನ್ ಮೇಲೆಲ್ಲ ಚೆಲ್ಲುತ್ತದೆ.

ಆಮೇಲೆ ಕಂಡದ್ದು

ಸ್ಟಾರ್ಟ್ ಮಾಡಿದೆವು, ಆಯಿಲ್ ದೀಪ ಆರಿತು. ಬೋಲ್ಟ್, ಫಿಲ್ಟರ್ ಎರಡೂ ಕಡೆ ಟಾರ್ಚ್ ಹಾಕಿ ನೋಡಿದೆವು. ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ಸರಿ ಮಾಡಿ, ಒಣಗಿದ ಕವರ್ ಹಾಕಿದೆವು. ಆ ಮೇಲೆ ರಟ್ಟಿನಲ್ಲಿ ಹನಿ ಬೀಳಲಿಲ್ಲ.

ಹಾಗಂತ ನಾನು ಅಷ್ಟಕ್ಕೇ ಬಿಡಲಿಲ್ಲ. ಕೆಲವು ವಾರ ಓಡಿದ ಮೇಲೆ ಮತ್ತೆ ಕವರ್ ಬಿಚ್ಚಿ ನೋಡಿದೆ. ಬೋಲ್ಟ್ ಒಣಗಿತ್ತು, ಫಿಲ್ಟರ್ ಒಣಗಿತ್ತು, ಕ್ರಾಸ್ ಮೆಂಬರ್ ಒಣಗಿತ್ತು. ಆದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಒಂದು ಮೂಲೆಯಲ್ಲಿ, ಧೂಳು ಕಚ್ಚಿಕೊಂಡ ತೆಳು ಪಸೆಯ ಗೆರೆ ಇತ್ತು. 

ಸೀಲ್ ಹೋಗಿದೆ ಎಂದವರು ಸುಮ್ಮನೆ ಹೇಳಿರಲಿಲ್ಲ. ಅವರು ನೋಡಿದ ಜಾಗದಲ್ಲಿ ಪಸೆ ಇದ್ದದ್ದು ನಿಜ. ಸುತ್ತೆಲ್ಲ ಆಯಿಲ್ ಇದ್ದಾಗ ಆ ಪಸೆ ಎಲ್ಲಿಂದ ಬಂತು ಎಂದು ಹೇಳಲು ಸಾಧ್ಯವಿರಲಿಲ್ಲ. ಈಗ ಸಾಧ್ಯವಿತ್ತು. ಸೀಲ್ ಸೋರಿದ್ದರೆ ಆಯಿಲ್ ಆ ಎರಡರ ಸಂದಿನ ಒಳಗಿನಿಂದ, ಕೆಳಗಿನ ಭಾಗದಲ್ಲಿ ಹೊರಗೆ ಬರಬೇಕು. ಅಲ್ಲಿ ಒಣಗಿತ್ತು. ಈ ಗೆರೆ ಹೊರಮೈಯಲ್ಲಿ ಮೇಲಿನಿಂದ ಇಳಿದಿತ್ತು. ಟಾರ್ಚ್ ಹಿಡಿದು ಅದನ್ನೇ ಹಿಂಬಾಲಿಸಿದೆ. ಎಂಜಿನ್ನಿನ ಹಿಂದಿನ ಮೈ ಹತ್ತಿ ಗೆರೆ ನಿಂತದ್ದು ತೀರಾ ಮೇಲೆ, ಎಂಜಿನ್ನಿನ ನೆತ್ತಿ ಮುಚ್ಚುವ ವಾಲ್ವ್ ಕವರಿನ ಹಿಂದಿನ ಮೂಲೆಯಲ್ಲಿ. ಅಲ್ಲಿಯ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಸಣ್ಣಗೆ ಜಿನುಗುತ್ತಿತ್ತು, ನೆಲಕ್ಕೆ ಹನಿಯಾಗಿ ಬೀಳದಷ್ಟು ನಿಧಾನಕ್ಕೆ.

"ಹಾಗಾದ್ರೆ ಗೇರ್‌ಬಾಕ್ಸ್ ಇಳಿಸೋದು ಬೇಡ್ವಾ?" ಎಂದು ಕೇಳಿದರು ಅತ್ತಿಗೆ.

"ಬೇಡ. ಮೇಲಿನ ಕವರ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದ್ರೆ ಸಾಕು. ಗಾಡಿ ಎತ್ತೋದೂ ಬೇಕಿಲ್ಲ ಅತ್ತಿಗೆ."

ಬಾನೆಟ್ ಎತ್ತಿ, ಮೇಲಿನಿಂದಲೇ ಆ ಕೆಲಸ ಮುಗಿಸಿದೆವು. ಇಳಿದ ಗೆರೆಯನ್ನು ಒರೆಸಿ ತೆಗೆದು, ಮತ್ತೆ ಅದೇ ಜಾಗಕ್ಕೆ ಪೌಡರ್ ಉದುರಿಸಿದೆ. ಮುಂದಿನ ಸಲ ಕವರ್ ಬಿಚ್ಚಿದಾಗ ಆ ಮೂಲೆಯನ್ನು ಮೊದಲು ನೋಡಬೇಕು ಎಂದು ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಅತ್ತಿಗೆ ಬರೆದಿಟ್ಟಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲೂ ಇದೆ: ಆಯಿಲ್ ಇಳಿಸುವಾಗ ಅಡಿ ಕವರ್ ಪೂರ್ತಿ ಬಿಚ್ಚಲು ಹೇಳುವುದು.